ಕುರ್ಚಿ ಎತ್ತಲು ಬಂದವರು

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ಸಮಿತಿಯವರು ಕೇಳಿದರು. ಪೂರ್ತಿ ಹೆಸರು, ಹುಟ್ಟಿದ ಊರು, ಒಂದು ಫೋಟೊ, ಕೊನೆಗೆ ಅವರ ಆತ್ಮಕ್ಕೆ ಶಾಂತಿ ಸಿಗಲಿ ಎಂಬ ಸಾಲು. ಅಷ್ಟಿದ್ದರೆ ಸಾಕಂತೆ. ಬದುಕಿದ್ದಾಗ ಆ ಮನುಷ್ಯ ಇದೇ ಸಮಿತಿಯ ಬಳಿ ಎರಡು ವಾಕ್ಯ ಬೇಡಿದ್ದರು, ಕೊಡಲಿಲ್ಲ. ಈಗ ಇಡೀ ಪುಟ ಕೊಡುತ್ತಾರೆ, ಅದೂ ಬಣ್ಣದಲ್ಲಿ. ನಾನು ಆ ಪುಟ ಬರೆಯಲಿಲ್ಲ. ಬರೆದದ್ದು ಇದು. ಇದರಲ್ಲಿ ಅವರ ಹೆಸರಿಲ್ಲ. ಓದಿ ಯಾರಿಗಾದರೂ ಸಿಟ್ಟು ಬಂದರೆ ಬರಲಿ, ನನಗಂತೂ ಬರೆಯುವಾಗಲೇ ಬಂದಿದೆ.

ಅವರು ನಮ್ಮ ಕಟ್ಟಡದ ಹೌಸ್‌ಮೈಸ್ಟರ್. ಹ್ಯಾಂಬರ್ಗಿನಲ್ಲಿ ಎಲ್ಬೆ ನದಿಯ ದಕ್ಷಿಣಕ್ಕೆ, ನಲವತ್ತು ಮನೆಗಳ ಹಳೆಯ ಇಟ್ಟಿಗೆ ಕಟ್ಟಡ ಅದು. ಬಲ್ಬು ಹೋದರೆ, ಹೀಟರ್ ಕೈಕೊಟ್ಟರೆ, ಮೆಟ್ಟಿಲ ಮೇಲೆ ಯಾರಾದರೂ ಮೊಸರಿನ ಡಬ್ಬಿ ಬೀಳಿಸಿದರೆ ಅವರನ್ನು ಕರೆಯಬೇಕು. ಮಲಾವಿ ದೇಶದವರು. ಐವತ್ತು ದಾಟಿತ್ತು. ಎತ್ತರದ ಆಳು, ಆದರೆ ಮೆಟ್ಟಿಲು ಹತ್ತುವಾಗ ಒಂದಿಷ್ಟೂ ಸದ್ದಾಗುತ್ತಿರಲಿಲ್ಲ. ಸೊಂಟದಲ್ಲಿ ಇಷ್ಟು ದಪ್ಪ ಬೀಗದ ಕೈ ಗೊಂಚಲು ಇದ್ದರೂ ಅದನ್ನು ಮುಷ್ಟಿಯಲ್ಲಿ ಹಿಡಿದೇ ನಡೆಯುವರು. ಯಾಕೆ ಅಂತ ಒಮ್ಮೆ ಕೇಳಿದೆ. ಸದ್ದು ಕೇಳಿದರೆ ಜನಕ್ಕೆ ಪೊಲೀಸ್ ಬಂದ ಹಾಗೆ ಆಗುತ್ತದೆ, ಮನೆಯೊಳಗೆ ನೆಮ್ಮದಿಯಾಗಿ ಕೂತಿರಲಿ ಬಿಡಿ ಎಂದರು.

ನನ್ನನ್ನು 'ಅಮಾಯಿ' ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಅದು ಅಮ್ಮನಿಗೂ ಸಲ್ಲುತ್ತದೆ, ಗೌರವದ ಹೆಂಗಸಿಗೂ ಸಲ್ಲುತ್ತದೆ. ನಾನು 'ಅಣ್ಣ' ಎನ್ನುತ್ತಿದ್ದೆ. ನಮ್ಮ ಮಾತೆಲ್ಲ ಅರ್ಧ ಇಂಗ್ಲಿಷು, ಅರ್ಧ ಜರ್ಮನ್. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಪರಿಚಯವಾದದ್ದು ಒಗ್ಗರಣೆಯಿಂದ. ನಾವು ಮನೆಗೆ ಬಂದ ಹದಿನೈದು ದಿನಕ್ಕೆ ಕೆಳಗಿನ ಮನೆಯಾಕೆ ಹೌಸ್‌ಫರ್‌ವಾಲ್ಟುಂಗ್‌ಗೆ, ಅಂದರೆ ಕಟ್ಟಡ ನೋಡಿಕೊಳ್ಳುವ ಕಂಪನಿಗೆ, ಮೇಲ್ ಹಾಕಿದರು. ಮೆಟ್ಟಿಲಲ್ಲಿ ಸಹಿಸಲಾಗದ ವಾಸನೆ ಎಂದು. ಕಂಪನಿಯವರು ನೋಟಿಸು ಅಚ್ಚು ಹಾಕಿಸಿ, ಎಲ್ಲರಿಗೂ ಕಾಣುವಂತೆ ಅಂಟಿಸಲು ಇವರ ಕೈಗೆ ಕೊಟ್ಟರು. ಇವರು ಅದನ್ನು ನೆಲಮಾಳಿಗೆಯಲ್ಲಿ ಬಾಯ್ಲರಿನ ಹಿಂಬದಿಗೆ ಅಂಟಿಸಿ, ಫೋಟೊ ತೆಗೆದು ಕಂಪನಿಗೆ ಕಳಿಸಿ, ನಮ್ಮ ಬಾಗಿಲು ತಟ್ಟಿದರು. "ಅಮಾಯಿ, ನಿಮ್ಮ ಮೇಲೆ ನೋಟಿಸು ಬಂದಿದೆ. ಅಂಟಿಸಿದ್ದೇನೆ. ಓದಬೇಕು ಅಂತಿದ್ದರೆ ಬಾಯ್ಲರ್ ಎಳೆದು ಹಾಕಬೇಕಾಗುತ್ತೆ" ಎಂದರು. ಮುಖದಲ್ಲಿ ನಗು ಇಲ್ಲ. ನಾನು ಚಿತ್ರಾನ್ನ ಕೊಟ್ಟೆ, ನಿಂತೇ ತಿಂದರು. ಕಡಲೆಬೀಜ ಮೊದಲು ಆರಿಸಿ ತಿಂದು ಮುಗಿಸಿ, ಆಮೇಲೆ ಅನ್ನ ತಿನ್ನುವುದು ಅವರ ಕ್ರಮ.

ಅವರು ಯಾರನ್ನೂ ಬೈಯುತ್ತಿರಲಿಲ್ಲ. ಇದನ್ನು ನನಗೆ ತಡೆಯಲಾಗುತ್ತಿರಲಿಲ್ಲ. ಮೂರನೇ ಮಹಡಿಯಲ್ಲೊಬ್ಬ ಮಗುವಿನ ಡಯಾಪರುಗಳನ್ನು ತಂದು ಕಾಗದದ ತೊಟ್ಟಿಗೆ ಎಸೆಯುತ್ತಿದ್ದ. ಇವರು ದಿನಾ ಬಗ್ಗಿ ಅದನ್ನು ತೆಗೆದು ಬೇರೆ ತೊಟ್ಟಿಗೆ ಹಾಕುವರು. ಕಂಡೂ ಕಂಡೂ ಸುಮ್ಮನಿರುತ್ತೀರಲ್ಲ ಅಣ್ಣ, ಒಂದು ಮಾತು ಹೇಳಬಾರದಾ ಅಂತ ನಾನು ರೇಗಿದೆ. "ನಾನು ಒಂದು ಮಾತು ಅಂದರೆ ಅವನು ಎರಡು ಮೇಲ್ ಹಾಕ್ತಾನೆ. ಈ ಅಂಗಿ ಹಾಕಿಕೊಂಡವನಿಗೆ ಬಾಯಿ ಇಲ್ಲ ಅಮಾಯಿ" ಎಂದು ಕಂಪನಿಯ ನೀಲಿ ಅಂಗಿಯ ತುದಿ ಎಳೆದು ತೋರಿಸಿದರು. "ನಮ್ಮ ಕಡೆ ಬಯ್ಯೋದಕ್ಕೆ ಬೇರೆಯವರು ಬರ್ತಾರೆ. ಒಂದು ಭಾನುವಾರ ನೋಡುವಿರಂತೆ, ಬನ್ನಿ."

ಹೋದೆ, ಮಗಳನ್ನೂ ಕರೆದುಕೊಂಡು. ರೈಲು ಹಳಿಯ ಪಕ್ಕದಲ್ಲಿ, ಇಲ್ಲಿಯವರು ಬಾಡಿಗೆಗೆ ಪಡೆದು ಗೆಡ್ಡೆ ಗೆಣಸು ಬೆಳೆದುಕೊಳ್ಳುವ ಸಣ್ಣ ಸಣ್ಣ ತೋಟಗಳಿವೆ. ಅಂಥ ಒಂದು ತೋಟ ಮಲಾವಿಯವರದು. ಆಚೆ ಬೇಲಿಗೆ ಹೊಂದಿಕೊಂಡೇ ಸ್ಮಶಾನ. ಬೇರೆ ಯಾರೂ ಆ ತೋಟ ಕೇಳದೇ ಇದ್ದುದರಿಂದ ಇವರಿಗೆ ಸಿಕ್ಕಿತ್ತು, ಇವರಿಗೆ ಬೇಕಾಗಿದ್ದುದೂ ಅದೇ. ಅವರ ಕುಣಿತದಲ್ಲಿ ಮುಖವಾಡಗಳು ಬರಬೇಕಾದ್ದು ಸತ್ತವರಿರುವ ಕಡೆಯಿಂದಲೇ. ಈ ಕುಣಿತಕ್ಕೆ ಗುಲೆ ವಾಂಕುಲು ಅಂತ ಹೆಸರು, ದೊಡ್ಡ ಕುಣಿತ ಎಂದರ್ಥ. ಮೂವತ್ತು ನಲವತ್ತು ಜನ ಸೇರಿದ್ದರು. ಹೆಂಗಸರು ಅರ್ಧ ಚಂದ್ರಾಕಾರವಾಗಿ ನಿಂತು ಚಪ್ಪಾಳೆ ತಟ್ಟಿ ಹಾಡಲು ಶುರು ಮಾಡಿದರು. ಸ್ಮಶಾನದ ಬದಿಗಿದ್ದ ತೋಟದ ಗುಡಿಸಲಿನ ಹಿಂದಿನಿಂದ ಮುಖವಾಡ ಬಂತು.

ಇಲ್ಲೊಂದು ಮಾತು ಸ್ಪಷ್ಟ ಹೇಳಿಬಿಡುತ್ತೇನೆ. ಅವರಲ್ಲಿ ಮುಖವಾಡದ ಒಳಗೆ ಮನುಷ್ಯ ಇರುವುದಿಲ್ಲ. ಬಂದದ್ದು ಸತ್ತವರ ಕಡೆಯದು, ಕಾಡಿನದು. ಒಳಗೆ ಯಾರಿದ್ದಾರೆಂದು ಹೆಂಡತಿಗೆ ಗೊತ್ತಿರಬಹುದು, ಪಾದ ನೋಡಿ ತಾಯಿ ಗುರುತು ಹಿಡಿದಿರಬಹುದು, ಆದರೂ ಹೆಸರು ಹೇಳುವ ಹಾಗಿಲ್ಲ. ನಾನೂ ಇನ್ನು ಮುಂದೆ ಹಾಗೆಯೇ ಬರೆಯುತ್ತೇನೆ. ಹೌಸ್‌ಮೈಸ್ಟರ್ ಬೇರೆ, ಮುಖವಾಡ ಬೇರೆ. ಇಬ್ಬರನ್ನೂ ನೀವು ಮನಸ್ಸಿನಲ್ಲಿ ಸೇರಿಸಿಕೊಂಡರೆ ಅದು ನಿಮ್ಮ ಪಾಡು, ನನ್ನ ಬಾಯಿಂದ ಬರುವುದಿಲ್ಲ.

ಅಂದು ಬಂದ ಮುಖವಾಡಕ್ಕೆ ಗುಲಾಬಿ ಬಣ್ಣದ ಉಬ್ಬಿದ ಕೆನ್ನೆ, ಮೈ ತುಂಬ ಬಟ್ಟೆ ಚೂರು, ಕೈಯಲ್ಲಿ ಹಲಗೆಯಲ್ಲಿ ಮಾಡಿದ ಮೊಳದುದ್ದದ ಮೊಬೈಲು. ಅದು ಬೇಲಿಯಾಚೆ ಯಾರದೋ ಕಾರಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡಿತು. ಇನ್ನೊಬ್ಬರ ಕಾರಿನ ಬಾನೆಟ್ ಮೇಲೆ ಒರಗಿ ಊರಿಗೆ ವಿಡಿಯೋ ಕಾಲ್ ಮಾಡಿತು. ಕುಣಿಯುತ್ತ ಕುಣಿಯುತ್ತ ಒಬ್ಬ ಗಂಡಸಿನ ಮುಂದೆ ಹೋಗಿ ನಿಂತು, ಹಲಗೆಯ ಮೊಬೈಲನ್ನು ಅವನ ಮುಖಕ್ಕೆ ಹಿಡಿಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆತ ಊರಿನ ತಂಗಿಯ ಕಷ್ಟಕ್ಕೆ ಆಗದೆ, ಇಲ್ಲಿ ಕಂಡವರ ಕಾರನ್ನೆಲ್ಲ ತನ್ನದೆಂದು ಊರಿಗೆ ತೋರಿಸಿಕೊಂಡು ತಿರುಗುತ್ತಿದ್ದನಂತೆ. ವರ್ಷದಿಂದ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಆತನೂ ತಲೆ ತಗ್ಗಿಸಿ ನಕ್ಕ. ಆ ನಗುವಿನ ನಡುವೆ ಅವನ ಕಣ್ಣಲ್ಲಿ ನೀರಿತ್ತು. ಮುಂದಿನ ತಿಂಗಳು ತಂಗಿಯನ್ನು ನೋಡಲು ಹೋಗಿಬಂದ ಎಂದು ಕೇಳಿದೆ.

ಹಾಡು ಹೇಳಿಕೊಡುತ್ತಿದ್ದವರು ಗ್ರೇಸ್. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಅವರದು. ಅವರು ಒಂದು ಸಾಲು ಎತ್ತಿದರೆ ಮುಖವಾಡ ಅದಕ್ಕೆ ಉತ್ತರ ಕುಣಿಯಬೇಕು, ಸಾಲು ಬದಲಾದರೆ ಹೆಜ್ಜೆ ಬದಲಾಗಬೇಕು. ಕುಣಿಯುವುದು ಅದಾದರೂ ಕುಣಿಸುವವರು ಹೆಂಗಸರೇ ಎಂದು ನನಗೆ ಅವತ್ತು ತಿಳಿಯಿತು. ಮರುದಿನ ಮೆಟ್ಟಿಲಲ್ಲಿ ಹೌಸ್‌ಮೈಸ್ಟರು ಸಿಕ್ಕರು, ಮಂಡಿ ನೋವೆಂದು ಮೆಟ್ಟಿಲ ಕಂಬಿ ಹಿಡಿದು ಇಳಿಯುತ್ತಿದ್ದರು. "ನಿನ್ನೆ ತೋಟಕ್ಕೆ ನೀವೂ ಬಂದಿದ್ರಾ ಅಣ್ಣ?" ಎಂದೆ. "ನಾನೆಲ್ಲಿ ಅಮಾಯಿ, ಮನೇಲಿ ಮಲಗಿದ್ದೆ. ಚೆನ್ನಾಗಿತ್ತಂತಲ್ಲ?" ಎಂದರು. ಇಬ್ಬರೂ ಗಂಭೀರವಾಗಿ ಮಾತಾಡಿಕೊಂಡೆವು.

ಎರಡು ವರ್ಷದ ಹಿಂದೆ ಶರತ್ಕಾಲದಲ್ಲಿ ಗ್ರೇಸ್ ಅವರ ಗಂಡ ಬಂದರಿನ ಕೆಲಸದಲ್ಲಿದ್ದಾಗಲೇ ಎದೆನೋವು ಬಂದು ಹೋಗಿಬಿಟ್ಟರು. ಅವರಲ್ಲಿ ಹೂಳಿದ ಮಾತ್ರಕ್ಕೆ ಸಾವು ಮುಗಿಯುವುದಿಲ್ಲ. ವರ್ಷವಾದ ಮೇಲೆ ಮುಖವಾಡಗಳು ಬಂದು ಕುಣಿದು, ಸತ್ತವನನ್ನು ಹಿರಿಯರ ಜೊತೆ ಸೇರಿಸಿ, ಹೆಂಡತಿಯ ಸೂತಕ ಬಿಡಿಸಬೇಕು. ಅಲ್ಲಿಯವರೆಗೆ ಆಕೆ ಕಪ್ಪು ಬಟ್ಟೆ ತೆಗೆಯುವಂತಿಲ್ಲ, ಹಾಡುವಂತಿಲ್ಲ. ಹಾಡಿನಲ್ಲೇ ಇದ್ದ ಹೆಂಗಸು ಒಂದು ವರ್ಷ ಬಾಯಿ ಮುಚ್ಚಿಕೊಂಡು ಚಪ್ಪಾಳೆ ಮಾತ್ರ ತಟ್ಟಿದರು. ಕಳೆದ ಡಿಸೆಂಬರಿನ ಮೊದಲ ಭಾನುವಾರ ಕುಣಿತ ಎಂದು ಗೊತ್ತಾಗಿತ್ತು. ಬರ್ಲಿನ್‌ನಿಂದ ಅವರ ಹಿರಿಯರು ಬರುವವರಿದ್ದರು. ಹೌಸ್‌ಮೈಸ್ಟರು ರಜೆ ಹಾಕಿಟ್ಟು, ಮೆಟ್ಟಿಲು ಒರೆಸುವಾಗಲೂ ಏನೋ ಗುನುಗುವರು.

ಇದರ ನಡುವೆ ಬಂದದ್ದು ನಾವು.

ನಾನು ಆಗ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ನವೆಂಬರಿನ ರಾಜ್ಯೋತ್ಸವಕ್ಕೆ ಈ ಸಲ ಏನಾದರೂ ಹೊಸದು ಬೇಕು ಎಂದು ಅಧ್ಯಕ್ಷರ ವರಾತ. ಹುಬ್ಬಳ್ಳಿ ಕಡೆಯವರು, ದೊಡ್ಡ ಕಂಪನಿಯಲ್ಲಿ ಎಂಜಿನಿಯರು, ಸಂಘಕ್ಕೆ ಮೈ ಮುರಿದು ದುಡಿಯುವವರು, ಅದರಲ್ಲಿ ಸುಳ್ಳಿಲ್ಲ. ನಾನು ಮುಖವಾಡದ ಕುಣಿತದ ಸುದ್ದಿ ಎತ್ತಿದೆ.

"ಭಾರಿ ಐಡಿಯಾ ಮೇಡಂ! ಕಲ್ಚರಲ್ ಎಕ್ಸ್‌ಚೇಂಜ್ ಆಗತೈತಿ. ಅದರಿಂದ ಸಮಾಜಕ್ಕೇನು ಲಾಭ ಅಂತ ಒಂದ್ ಐದು ಪಾಯಿಂಟ್ ಬರದ್ ಕೊಡ್ರಿ, ಸ್ಲೈಡ್‌ನ್ಯಾಗ ಹಾಕೂಣು."

ಬರೆದುಕೊಟ್ಟವಳೂ ನಾನೇ. ಒಗ್ಗಟ್ಟು, ಶಿಸ್ತು, ಯುವಜನರಿಗೆ ಮಾರ್ಗದರ್ಶನ, ದುಃಖ ಮರೆಸುವುದು, ಪರಂಪರೆಯ ಉಳಿವು. ಹಲ್ಲುಪುಡಿಯ ಡಬ್ಬಿಯ ಮೇಲೆ ಬರೆದ ಹಾಗೆ ಬರೆದುಕೊಟ್ಟೆ. ಗ್ರೇಸ್ ಹಾಡು ನಿಲ್ಲಿಸಿರುವುದನ್ನು ಯಾವ ಪಾಯಿಂಟಿನಲ್ಲಿ ಬರೆಯುವುದು ಎಂದು ಆಗ ನನಗೆ ಹೊಳೆಯಲೂ ಇಲ್ಲ.

ಹೌಸ್‌ಮೈಸ್ಟರನ್ನು ಕೇಳಿದಾಗ ಅವರು ಎರಡು ದಿನ ಸಮಯ ಬೇಡಿದರು. ಆಮೇಲೆ ಬಂದು, ಸಾವಿನ ಮುಖವಾಡಗಳು ಬರುವುದಿಲ್ಲ, ನಗಿಸುವ ಒಂದು ಬರಬಹುದು ಎಂದರು. ಮೂರು ಮಾತು ಬೆರಳು ಮಡಿಸಿ ಹೇಳಿದರು. ಯಾರ ಹೆಸರನ್ನೂ ಎಲ್ಲೂ ಹಾಕಬಾರದು. ಮುಖವಾಡವನ್ನು ಯಾರೂ ಮುಟ್ಟಬಾರದು. ಹಿಂಬಾಗಿಲಿನಿಂದ ಬಂದದ್ದು ಹಿಂಬಾಗಿಲಿನಿಂದಲೇ ಹೋಗಬೇಕು, ತಡೆಯಬಾರದು. "ಹೆಸರು ಹೊರಬಿದ್ದ ಊರಿಗೆ ಮುಖವಾಡ ಮತ್ತೆ ಬರಲ್ಲ ಅಮಾಯಿ. ಗ್ರೇಸ್ ಕಾಯ್ತಾ ಇದ್ದಾಳೆ, ನೆನಪಿರಲಿ" ಎಂದರು. ನಾನು ಹೂಂ ಅಂದೆ. ಮೂರನ್ನೂ ಬರೆದು ಸಮಿತಿಗೆ ಮೇಲ್ ಕೂಡ ಹಾಕಿದೆ.

ಅದೇ ವಾರ ಸಮಿತಿಯಿಂದ ಫೋನು. ಸನ್ಮಾನ ಪತ್ರ ಅಚ್ಚಿಗೆ ಹೋಗಬೇಕು, ಕಲಾವಿದರ ಹೆಸರೇನು ಅಂತ. ಅವರು ಹೆಸರು ಬೇಡ ಅಂದಿದ್ದಾರೆ ಅಂದೆ. "ಮೈಕ್‌ನಲ್ಲಿ ಹೇಳಲ್ಲ ಮೇಡಂ, ಸರ್ಟಿಫಿಕೇಟ್‌ಗೆ ಮಾತ್ರ. ಖಾಲಿ ಬಿಟ್ರೆ ಚೆನ್ನಾಗಿರಲ್ಲ ಅಲ್ವಾ" ಅಂದರು. ಚೆನ್ನಾಗಿರುವುದಿಲ್ಲ ಎಂದು ನನಗೂ ಅನ್ನಿಸಿತು. ಹೇಳಿದೆ, ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ತುಮಕೂರು ಕಡೆಯವಳು ನಾನು. ನಮ್ಮೂರಿನಲ್ಲಿ ಸೋಮನ ಕುಣಿತಕ್ಕೆ ಕೆಂಪು ಮುಖದ ಕೆಂಚರಾಯ ಬಂದರೆ ನಮ್ಮಜ್ಜಿ ಎದ್ದು ನಿಂತು ಕೈಮುಗಿಯುತ್ತಿದ್ದರು. ಸೋಮ ಹೊತ್ತವನು ದಿನಾ ನಮ್ಮ ಮನೆಗೆ ಸೌದೆ ಒಡೆಯಲು ಬರುವವನೇ. ಆದರೂ ಅಜ್ಜಿ ಅವತ್ತು ಅವನ ಹೆಸರು ಹಿಡಿದು ಕರೆದವರಲ್ಲ. ಅಂಥ ಮನೆಯಿಂದ ಬಂದ ನನಗೆ ಅಷ್ಟೂ ತಿಳಿಯದೇ ಹೋಯಿತು.

ಕಾರ್ಯಕ್ರಮದ ದಿನ ಬಾಡಿಗೆಯ ಶಾಲಾ ಸಭಾಂಗಣದಲ್ಲಿ ಕುರ್ಚಿ ಇಳಿಸಲು ಆಳಿಲ್ಲ. ನಮ್ಮ ಗಂಡಸರೆಲ್ಲ ಜುಬ್ಬ ಇಸ್ತ್ರಿ ಮಾಡಿಸಿಕೊಂಡು ಹನ್ನೊಂದರ ಮೇಲೆ ಬರುವವರು. ಹೌಸ್‌ಮೈಸ್ಟರು ಬೆಳಿಗ್ಗೆ ಎಂಟಕ್ಕೇ ನನ್ನ ಜೊತೆ ಬಂದು ಇನ್ನೂರು ಕುರ್ಚಿ ಎತ್ತಿ ಹಾಕಿದರು. ಸಾಲು ನೇರವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. ನಮ್ಮ ಹುಡುಗನೊಬ್ಬ ಅವರನ್ನು ಶಾಲೆಯ ಆಳು ಅಂದುಕೊಂಡು ಕಾಫಿ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಇವರು ದಾರಿ ತೋರಿಸಿದರು.

ಮಧ್ಯಾಹ್ನ ಮುಖವಾಡ ಬಂತು. ಮಲಾವಿಯ ಹೆಂಗಸರು, ಮಕ್ಕಳು ಒಂದು ಪಕ್ಕಕ್ಕೆ ನಿಂತಿದ್ದರು, ಕಪ್ಪು ಬಟ್ಟೆಯಲ್ಲಿ ಗ್ರೇಸ್ ಕೂಡ. ಮುಖವಾಡ ಮೊದಲ ಸಾಲಿನ ಗಣ್ಯರ ಮುಂದೆ ಹೋಗಿ, ಅವರಂತೆಯೇ ಕಾಲ ಮೇಲೆ ಕಾಲು ಹಾಕಿ ಕೂತು, ಗಡಿಯಾರ ನೋಡಿ ಆಕಳಿಸಿತು. ನಮ್ಮ ಜನ ಕಿರುಚಿ ನಕ್ಕರು. ಎಂದೂ ಸಂಘಕ್ಕೆ ಬರಲೊಪ್ಪದ ನನ್ನ ಮಗಳು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಕುಣಿತ ಮುಗಿಸಿ ಮುಖವಾಡ ಹಿಂಬಾಗಿಲ ಕಡೆ ತಿರುಗಿತು.

"ಒಂದ್ ನಿಮಿಷ, ಒಂದ್ ನಿಮಿಷ! ಕಲಾವಿದರು ಹಂಗ ಹೋಗಬಾರದು. ಸನ್ಮಾನ ಐತಿ!" ಅಧ್ಯಕ್ಷರ ಕೈಯಲ್ಲಿ ಮೈಕು. ಇಬ್ಬರು ಹೋಗಿ ಮುಖವಾಡದ ತೋಳು ಹಿಡಿದು ಪ್ರೀತಿಯಿಂದಲೇ ಎಳೆದುಕೊಂಡು ಬಂದರು. ಶಾಲು ಹೊದಿಸಿದರು. ಹಾರ ಹಾಕಿದರು. ಮೈಸೂರು ಪೇಟ ತೊಡಿಸಲು ಹೋದರೆ ತಲೆಗೆ ಕೂರುತ್ತಿಲ್ಲ, ಮುಖವಾಡ ಅಡ್ಡ. ಅಧ್ಯಕ್ಷರು ಜನರ ಕಡೆ ನೋಡಿ, "ಇಷ್ಟ್ ಛಂದ ಕುಣದವರ ಮುಖಾ ನೋಡೂದು ಬ್ಯಾಡೇನ್ರಿ?" ಎಂದು ನಕ್ಕು, ಎರಡೂ ಕೈಯಿಂದ ಮುಖವಾಡ ಕಿತ್ತು ತೆಗೆದರು. ಪೇಟ ತೊಡಿಸಿದರು. ಸನ್ಮಾನ ಪತ್ರದಲ್ಲಿದ್ದ ಹೆಸರನ್ನು ಮೈಕಿನಲ್ಲಿ ಓದಿದರು. ಅದನ್ನು ನಾನೇ ಕೊಟ್ಟದ್ದು.

ನಮ್ಮ ಇನ್ನೂರು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆ ಪಕ್ಕದಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ವೇದಿಕೆಗೆ ಬೆನ್ನು ಮಾಡಿದರು. ಮಕ್ಕಳ ಕಣ್ಣಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿಸಿದರು. ನೋಡಿಲ್ಲ ಎಂದು ಹೇಳಲಾದರೂ ಒಂದು ದಾರಿ ಇರಲಿ ಅಂತ. ಆದರೆ ಮೈಕು ಕೇಳದ ಹಾಗೆ ಕಿವಿ ಮುಚ್ಚಲು ಅವರಿಗೆ ಕೈ ಸಾಲಲಿಲ್ಲ. ವೇದಿಕೆಯ ಮೇಲೆ ಪೇಟ ತೊಟ್ಟು ನಿಂತಿದ್ದ ಮುಖ ಬೆವೆತಿತ್ತು, ಕಣ್ಣು ನೆಲ ನೋಡುತ್ತಿತ್ತು. ಫೋಟೊಗ್ರಾಫರ್ ಸ್ಮೈಲ್ ಅಂದ. ನನ್ನ ಮಗಳು ನನ್ನ ಕಡೆ ತಿರುಗಿ ಜರ್ಮನ್‌ನಲ್ಲಿ, "ಮಮಾ, ಈಗ ಅದು ಕಪುಟ್" ಎಂದಳು, ಮುರಿದುಹೋಯಿತು ಅಂತ. ಹತ್ತು ವರ್ಷದ ಮಗುವಿಗೆ ಕಂಡದ್ದು ಇನ್ನೂರು ಜನ ದೊಡ್ಡವರಿಗೆ ಕಾಣಲಿಲ್ಲ. ಸಂಜೆ ಹೊತ್ತಿಗೆ ಫೋಟೊ ಸಂಘದ ವಾಟ್ಸ್ಯಾಪಿನಲ್ಲಿ, ರಾತ್ರಿಯೊಳಗೆ ಬರ್ಲಿನ್‌ನಲ್ಲಿ, ಮಲಾವಿಯಲ್ಲಿ.

ಹಿರಿಯರು ತೀರ್ಮಾನ ಕೊಟ್ಟರು. ಹ್ಯಾಂಬರ್ಗಿಗೆ ಇನ್ನು ಮುಖವಾಡ ಬರುವುದಿಲ್ಲ. ಡಿಸೆಂಬರಿನ ಕುಣಿತ ಇಲ್ಲ. ಗ್ರೇಸ್ ಕಪ್ಪು ಬಟ್ಟೆಯಲ್ಲೇ ಇರಬೇಕು. ಒಂದೇ ಒಂದು ದಾರಿ ಇದೆ. ಹೆಸರು ಕೊಟ್ಟವರಾಗಲಿ ಕೂಗಿದವರಾಗಲಿ, ಕೇಳಿಸಿಕೊಂಡವರ ಎದುರಿಗೇ ನಿಂತು, ಆ ಹೆಸರನ್ನು ವಾಪಸು ತೆಗೆದುಕೊಳ್ಳಬೇಕು.

ಅದನ್ನು ಕೇಳಲು ಹೌಸ್‌ಮೈಸ್ಟರು ನಮ್ಮ ಮನೆಗೆ ಬಂದರು. ಒಳಗೆ ಕೂರಲಿಲ್ಲ. ಬೈಯುತ್ತಾರೆ ಎಂದು ನಾನು ಕಾದೆ, ಬೈಯಲಿಲ್ಲ. ಅದೇ ನನಗೆ ಇನ್ನೂ ತಾಳಲಾಗದ್ದು. ಜೇಬಿನಿಂದ ಚೀಟಿ ತೆಗೆದು ಕೊಟ್ಟರು. ಮಕ್ಕಳ ಅಕ್ಷರದ ಹಾಗೆ ಬಿಡಿಬಿಡಿಯಾಗಿ ಎರಡೇ ವಾಕ್ಯ. ಅಂದು ವೇದಿಕೆಯ ಮೇಲಿದ್ದವರು ಕುರ್ಚಿ ಎತ್ತಲು ಬಂದವರು. ಅವರ ಹೆಸರನ್ನು ನಾವು ತಪ್ಪಾಗಿ ಹೇಳಿದೆವು.

"ಕುರ್ಚಿ ಎತ್ತಿದ್ದು ನಿಜಾನೇ ತಾನೆ ಅಮಾಯಿ? ಅಷ್ಟು ಸುಳ್ಳೇನಲ್ಲ" ಎಂದರು. "ಜನವರಿಯಲ್ಲಿ ನಿಮ್ಮ ಹಬ್ಬ ಇದೆಯಂತಲ್ಲ. ಮೈಕಲ್ಲಿ ಒಂದು ಸಲ ಹೇಳಿದರೆ ಸಾಕು. ನನಗಲ್ಲ, ಗ್ರೇಸ್‌ಗೆ."

ಸಮಿತಿಯ ಸಭೆ ಝೂಮ್‌ನಲ್ಲಿ ನಡೆಯಿತು. ಚೀಟಿ ಓದಿದೆ.

"ಏನ್ರೀ ಮೇಡಂ ಇದು?" ಅಧ್ಯಕ್ಷರಿಗೆ ನಿಜಕ್ಕೂ ನೋವಾಗಿತ್ತು. "ನಾವೇನ್ ಅವಮಾನ ಮಾಡೇವೇನು? ಶಾಲ್ ಹೊಚ್ಚೇವಿ, ಪೇಟಾ ಸುತ್ತೇವಿ. ನಮ್ಮ ಮಂದಿಗೂ ಇಷ್ಟ್ ಮರ್ಯಾದಿ ಮಾಡಿಲ್ಲ. ಈಗ ತಪ್ಪಾತು ಅಂತ ಹೇಳಬೇಕಂತ? ಎಲ್ಲಾರ ಮೊಬೈಲ್‌ನ್ಯಾಗ ವಿಡಿಯೋ ಐತಿ, ಹೆಂಗ ಸುಳ್ಳ ಹೇಳೂದ್ರಿ?"

"ನಾವು ಹೆಸರು ಹಾಕಲ್ಲ ಅಂತ ಒಪ್ಪಿಕೊಂಡಿದ್ವಿ ಸರ್" ಎಂದೆ.

"ಹೆಸರ್ ಕೊಟ್ಟವರು ನೀವಽ ಅಲ್ರೀ?"

ಬೆಂಗಳೂರಿನವನೊಬ್ಬ, "ಎಕ್ಸ್‌ಚೇಂಜ್ ಅಂದ್ಮೇಲೆ ಎರಡೂ ಕಡೆ ಅಡ್ಜಸ್ಟ್ ಮಾಡ್ಕೋಬೇಕು ಗುರು. ಅದೂ ಅಲ್ದೆ ಇದೆಲ್ಲ ಒಂಥರಾ ಮೂಢನಂಬಿಕೆ ಅಲ್ವಾ?" ಅಂದ. ಅವನು ಅದಕ್ಕೆ ಹಿಂದಿನ ವಾರವಷ್ಟೇ ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟವನು. ಕೈ ಎತ್ತಿಸಿದರು. ವಾಕ್ಯ ಹೇಳುವುದು ಬೇಡ ಎಂದು ಎಲ್ಲರೂ ಒಪ್ಪಿದರು. ಅಷ್ಟರಲ್ಲಿ ನನ್ನ ಮೈಕನ್ನು ನಾನೇ ಮ್ಯೂಟ್ ಮಾಡಿಕೊಂಡಿದ್ದೆ. ತೆಗೆಯಬಹುದಿತ್ತು, ತೆಗೆಯಲಿಲ್ಲ. ಹೆಸರು ಕೊಟ್ಟವಳು ನಾನೇ ಎಂದು ಎಲ್ಲರೆದುರು ಅನ್ನಿಸಿಕೊಂಡ ಮೇಲೆ ಕ್ಯಾಮೆರಾವನ್ನೂ ಆರಿಸಿಬಿಟ್ಟೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಿದೆವು, ಒಳ್ಳೆಯ ಮಾತಾಡೋಣ ಅಂದೆವು, ಮನೆಗೆ ಬಂದೆವು. ಅವರ ಎರಡು ವಾಕ್ಯ ನನ್ನ ಪರ್ಸಿನಲ್ಲೇ ಉಳಿಯಿತು.

ಆಮೇಲೆ ಹೌಸ್‌ಮೈಸ್ಟರು ನನ್ನ ಜೊತೆ ಮೊದಲಿನಂತೆಯೇ ಇದ್ದರು. ನಲ್ಲಿ ಸೋರಿದರೆ ಬಂದರು, ಚಿತ್ರಾನ್ನ ಕೊಟ್ಟರೆ ತಿಂದರು. ಗುನುಗುವುದು ಮಾತ್ರ ನಿಂತಿತ್ತು. ಭಾನುವಾರ ತೋಟಕ್ಕೆ ಹೋದರೆ ಜನ ಎದ್ದು ಜಾಗ ಬಿಡುತ್ತಾರೆ, ಆದರೆ ಯಾರೂ ಪಕ್ಕದಲ್ಲಿ ಕೂರುವುದಿಲ್ಲ ಎಂದು ಒಮ್ಮೆ ಅಂದರು. ಗ್ರೇಸ್ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ ಎಂದರು. ಫೆಬ್ರವರಿಯಲ್ಲಿ, ಹಿಮ ಬಿದ್ದ ಒಂದು ಬೆಳಿಗ್ಗೆ, ಯಾರೂ ಜಾರಿ ಬೀಳದಿರಲಿ ಎಂದು ಬಾಗಿಲ ಮುಂದೆ ಉಪ್ಪು ಚೆಲ್ಲುತ್ತಿದ್ದಾಗ ಬಕೆಟ್ ಹಿಡಿದುಕೊಂಡೇ ಕುಸಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು. ಡಯಾಪರ್ ಎಸೆಯುತ್ತಿದ್ದವನು ಕಿಟಕಿಯಿಂದ ನೋಡುತ್ತಿದ್ದ.

ಮಾರ್ಚಿನಲ್ಲಿ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಅವರ ನೆನಪಿಗೆ ಎಲ್ಲರೂ ಸೇರಿದರು. ನಮ್ಮ ಸಂಘದವರೂ ಇಪ್ಪತ್ತು ಮೂವತ್ತು ಜನ ಬಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು, ಅದೇ ನಮ್ಮ ರೋಗ. ಅಧ್ಯಕ್ಷರ ಕೈಯಲ್ಲಿ ಕಟ್ಟು ಹಾಕಿಸಿದ ದೊಡ್ಡ ಫೋಟೊ. ಪೇಟ, ಹಾರ, ಕಂಕುಳಲ್ಲಿ ಮುಖವಾಡ. ಅದನ್ನು ಹೂವಿನ ನಡುವೆ, ಗ್ರೇಸ್ ಕಣ್ಣೆದುರಿಗೇ ಇಟ್ಟರು.

ನಾನು ಎದ್ದು ಹೋಗಿ ಫೋಟೊವನ್ನು ಬೋರಲು ಹಾಕಿದೆ. ಯಾರ ಸರದಿ ಎಂದೂ ನೋಡದೆ ಮೈಕು ಕಸಿದುಕೊಂಡೆ.

"ನವೆಂಬರಿನಲ್ಲಿ ನಮ್ಮ ವೇದಿಕೆ ಮೇಲಿದ್ದವರು ಕುರ್ಚಿ ಎತ್ತೋಕೆ ಬಂದಿದ್ದವರು" ಎಂದು ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದೆ. "ಅವರ ಹೆಸರನ್ನ ನಾವು ತಪ್ಪಾಗಿ ಹೇಳಿದ್ವಿ."

ಹಿಂದಿನಿಂದ ಅಧ್ಯಕ್ಷರು ಮೆಲ್ಲಗೆ, "ಮೇಡಂ, ಏನ್ ಸುಳ್ಳ ಹೇಳಾಕತ್ತೀರಿ..." ಎಂದರು.

"ಸುಮ್ನೆ ಕೂತ್ಕೊಳ್ಳಿ ಸರ್!" ಎಂದೆ. ಮೈಕಿನಲ್ಲೇ ಕೂಗಿದ್ದೆ, ಇಡೀ ಸಭಾಂಗಣಕ್ಕೆ ಕೇಳಿತು. ಅವರು ಕೂತರು.

ಗ್ರೇಸ್ ಎದ್ದು ನಿಂತರು. "ಅವರ ಹೆಸರನ್ನು ಕೊಟ್ಟವರು ಯಾರು?" ಎಂದು ಕೇಳಿದರು.

"ನಾನು."

"ಯಾಕೆ ಕೊಟ್ಟೆ?"

"ಬುದ್ಧಿ ಇರಲಿಲ್ಲ. ವಾಪಸು ತಗೋತಾ ಇದ್ದೀನಿ."

"ಹಾಗಾದರೆ ಮುಖವಾಡದ ಒಳಗೆ ಯಾರಿದ್ದರು?"

"ಯಾರೂ ಇರಲಿಲ್ಲ. ಅದು ಮುಖವಾಡ."

ಗ್ರೇಸ್ ಬರ್ಲಿನ್‌ನಿಂದ ಬಂದಿದ್ದ ಹಿರಿಯರ ಕಡೆ ನೋಡಿದರು. ಆ ಮುದುಕರು ಕೋಲೂರಿ ಎದ್ದು, ತಮ್ಮ ಜನಕ್ಕೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಹೆಂಗಸರು ನಾಲಿಗೆ ಆಡಿಸಿ ದನಿ ತೆಗೆದು ಕೂಗಿದರು. ಜೂನ್ ತಿಂಗಳಲ್ಲಿ ಮುಖವಾಡಗಳು ಬರುತ್ತವೆ, ಗ್ರೇಸ್ ಗಂಡನಿಗೂ, ವರ್ಷ ತುಂಬದಿದ್ದರೂ ಈ ಮನುಷ್ಯನಿಗೂ ಒಟ್ಟಿಗೇ ಕುಣಿಯುತ್ತವೆ ಎಂದು ಪಕ್ಕದಲ್ಲಿದ್ದವರು ನನಗೆ ತಿಳಿಸಿದರು. ಗ್ರೇಸ್ ಬಂದು ನನ್ನೆದುರು ನಿಂತರು. ಕೈ ಹಿಡಿಯುತ್ತಾರೆ ಎಂದುಕೊಂಡೆ, ಹಿಡಿಯಲಿಲ್ಲ.

"ಇಷ್ಟು ಹೇಳೋದಕ್ಕೆ ನಿನಗೆ ಎರಡು ನಿಮಿಷ ಹಿಡೀಲಿಲ್ಲ" ಎಂದರು. "ಅವನು ಮೂರು ತಿಂಗಳು ನನ್ನನ್ನ ಕಂಡರೆ ರಸ್ತೆ ದಾಟಿಕೊಂಡು ಹೋದ."